ಚೌಡಮ್ಮನ ಏರಿನಲ್ಲಿ ಹಾಫ್ ಕ್ಲಚ್

ಕಳೆದ ನವೆಂಬರ್‌ನಲ್ಲಿ ನನ್ನ ಪತಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ, ಶಿರಸಿಯ ಆಸ್ಪತ್ರೆಯಲ್ಲಿ, ಬೆಳಗಿನ ಮೊದಲ ಸರದಿ. ಸಕ್ಕರೆ ಕಾಯಿಲೆ ಅವರ ಕಿಡ್ನಿಗಿಂತ ಮೊದಲು ಕಣ್ಣಿಗೆ ಕೈ ಹಾಕಿತ್ತು. ಬೆಳಕು, ನೆರಳು ಗೊತ್ತಾಗುತ್ತದೆ. ಎದುರಿಗೆ ಬಂದವರು ಯಾರೆಂದು ದನಿಯಿಂದ ತಿಳಿಯಬೇಕು. ಪಂಪ್‌ಸೆಟ್ ರಿಪೇರಿಗೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕನ್ನು ಸ್ವಂತ ಕಾರಿನಲ್ಲಿ ಸುತ್ತಿದವರು. ಆ ಕಾರು ಈಗ ಅಂಗಳದಲ್ಲಿ ಹೊದಿಕೆ ಹಾಕಿಕೊಂಡು ನಿಂತಿತ್ತು.

ನಮ್ಮ ಮನೆ ಸಿದ್ದಾಪುರ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಬೆಳಗಿನ ಸರದಿಗೆ ಹೊಂದುವ ಬಸ್ ಇಲ್ಲ. ಪಕ್ಕದ ಮನೆಯ ಸುರೇಶ ಹೊದಿಕೆ ತೆಗೆದು ಆ ಕಾರನ್ನೇ ಓಡಿಸಿ ಕರೆದೊಯ್ದು ವಾಪಸು ತರುತ್ತಿದ್ದ. ಡಿಸೆಂಬರ್‌ನಲ್ಲಿ ಅವನ ಹೆಂಡತಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಹೇಗಾದರೂ ಮಾಡಿ ಮೇ ತಿಂಗಳವರೆಗೆ ಇಲ್ಲೇ ಇರುತ್ತೇನೆ, ಶಾಲೆ ಶುರುವಾಗುವ ಹೊತ್ತಿಗೆ ಸಂಸಾರದ ಜೊತೆ ಹೋಗಲೇಬೇಕು ಎಂದು ಮೊದಲೇ ಹೇಳಿಬಿಟ್ಟ. ನಮಗೆ ಮಕ್ಕಳಿಲ್ಲ. ಹಾಗಾಗಿ ಜೂನ್‌ನಿಂದ ಕಾರು ಓಡಿಸಬೇಕಾದವಳು ನಾನು.

ನನ್ನ ಕೆಲಸವನ್ನು ಇಲ್ಲಿ ಹೇಳಬೇಕು. ನಾನು ಪತ್ರಿಕೆಯೊಂದಕ್ಕೆ ಈ ಭಾಗದ ವರದಿಗಾರ್ತಿ. ‘ಚಾಲಕನ ನಿಯಂತ್ರಣ ತಪ್ಪಿ’ ಎಂಬ ಮೂರು ಪದಗಳನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆಯುವ ಮೊದಲು ಸ್ಥಳಕ್ಕೆ ಹೋಗಿ ನೋಡಿದ್ದೇನೆ. ಹಾಗೆ ನೋಡಿದವರಿಗೆ ಸ್ಟೀರಿಂಗ್ ಹಿಡಿಯುವ ಆಸೆ ಹುಟ್ಟುವುದಿಲ್ಲ. ಐವತ್ತರ ಅಂಚಿನವರೆಗೂ ನಾನು ಬಸ್ಸಿನಲ್ಲಿ, ಪತಿಯ ಪಕ್ಕದ ಸೀಟಿನಲ್ಲಿ, ಛಾಯಾಗ್ರಾಹಕರ ಬೈಕಿನ ಹಿಂದೆ ಕೂತು ಕೆಲಸ ಮಾಡಿದೆ. ಈ ಬರಹವನ್ನೂ ವರದಿಯ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸಿ ಬರೆದಿದ್ದೇನೆ. ಚೌಡಮ್ಮನ ಗುಡಿಗೆ ನಡೆದುಕೊಳ್ಳುವ ಭಕ್ತರಾದ ನೀವು ಇದರಲ್ಲಿ ಉತ್ಪ್ರೇಕ್ಷೆ ಹುಡುಕಬೇಕಾಗಿಲ್ಲ.

ಡಿಸೆಂಬರ್‌ನಲ್ಲಿ ಕಲಿಕಾ ಲೈಸೆನ್ಸ್ ಸಿಕ್ಕಿತು. ಆರು ತಿಂಗಳ ಅವಧಿ. ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದವರು ಎಕ್ಕಂಬಿ ಕಡೆಯ ಬಸಣ್ಣ. ನನಗಿಂತ ಚಿಕ್ಕವರು, ಗಟ್ಟಿ ದನಿ. ಮೊದಲ ದಿನವೇ ಹೇಳಿದರು:

“ಅಕ್ಕಾರ, ಪೇಪರ್‌ದಾಗ ಬರಿಯೂದು ಮರೀರಿ. ಇಲ್ಲಿ ತಪ್ಪಾದ್ರ ತಿದ್ದುಪಡಿ ಹಾಕಾಕ ಬರಂಗಿಲ್ಲ.”

ಗೇರ್ ಬಂತು, ತಿರುವು ಬಂತು, ರಿವರ್ಸ್ ಕೂಡ ಬಂತು. ಬಾರದೆ ಉಳಿದದ್ದು ಒಂದೇ. ಏರಿನಲ್ಲಿ ನಿಲ್ಲಿಸಿ ಮತ್ತೆ ಮುಂದೆ ಹೊರಡುವುದು. ಕ್ಲಚ್ಚನ್ನು ಅರ್ಧ ಬಿಟ್ಟು ಹಿಡಿಯುವ ಹೊತ್ತಿಗೆ ನನ್ನ ಎಡಗಾಲು ನಡುಗಲು ಶುರುವಾಗುತ್ತಿತ್ತು. ಕಾರು ಹಿಂದಕ್ಕೆ ಜಾರುತ್ತಿತ್ತು, ಇಲ್ಲವೇ ಇಂಜಿನ್ ಬಂದ್ ಬೀಳುತ್ತಿತ್ತು. ಬಸಣ್ಣ ತಮ್ಮ ಕಡೆಯ ಬ್ರೇಕ್ ಒತ್ತುತ್ತಿದ್ದರು. ಅಭ್ಯಾಸಕ್ಕೆ ಅವರು ಆರಿಸಿಕೊಂಡ ಏರು ಯಾವುದೆಂದು ನಿಮಗೆ ಗೊತ್ತಾಗಿರಬಹುದು. ಶಿರಸಿ ಪೇಟೆ ದಾಟಿ ನಮ್ಮ ಮನೆಯ ಕಡೆ ಬರುವಾಗ ಸಿಗುವ ನಮ್ಮ ಚೌಡಮ್ಮನ ಏರು. ನಮ್ಮ ಊರ ಕಡೆಯಿಂದ ಬಂದರೆ ಕಡಿದು, ನೆತ್ತಿಯಲ್ಲಿ ಗುಡಿ, ಆಮೇಲೆ ಪೇಟೆಯವರೆಗೆ ಸಪಾಟು ರಸ್ತೆ.

ಮನೆಯಲ್ಲಿ ಪತಿಗೆ ಹೇಳಿದಾಗ ಇವರು ನಕ್ಕರು.

“ನಿಂಗೆ ಕಾಲು ನಡುಗದು ಎಂತಕ್ಕೆ ಗೊತ್ತಿದ್ದಾ? ಹಿಂದೆ ಯಾರೋ ಬಿದ್ದು ಸತ್ತು, ನಾಳೆ ನೀನೇ ಆ ಸುದ್ದಿ ಬರೆಯಕ್ಕು ಹೇಳಿ ಹೆದರಿಕೆ.”

“ನಗಡಿ. ಎಂಗೆ ನಿಜವಾಗ್ಲೂ ಆಗ್ತಿಲ್ಲೆ,” ಎಂದು ಅವರ ನಗುವನ್ನು ತಡೆದೆ.

“ಆಗ್ತು. ಇಂಜಿನ್ ಶಬ್ದ ಕೇಳು. ದನಿ ದಪ್ಪ ಆದಾಗ ಗಾಡಿ ಹಿಡ್ಕಂಡ್ತು ಹೇಳಿ ಅರ್ಥ. ಅಲ್ಲಿ ಬ್ರೇಕ್ ಬಿಡು. ಅಷ್ಟೇಯ.”

ಪಂಪು ಕೆಟ್ಟದ್ದನ್ನು ಶಬ್ದ ಕೇಳಿಯೇ ಹೇಳುತ್ತಿದ್ದ ಮನುಷ್ಯ. ಸಂಜೆ ಸುರೇಶನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನು ಅಂಗಳದಲ್ಲಿ ಕಾರು ಹಿಂದೆ ಮುಂದೆ ಮಾಡುವಾಗ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಅಂಗಳ ಸಪಾಟು. ಅಲ್ಲಿ ಎಲ್ಲವೂ ಸರಿಯಾಗುತ್ತಿತ್ತು.

ಏಪ್ರಿಲ್‌ನಲ್ಲಿ ಪರೀಕ್ಷೆ, ಡ್ರೈವಿಂಗ್ ಶಾಲೆಯ ಕಾರಿನಲ್ಲೇ. ಮೈದಾನದಲ್ಲಿ ಕಂಬಗಳ ನಡುವೆ ರಿವರ್ಸ್ ಸುಸೂತ್ರವಾಯಿತು. ಅಲ್ಲಿದ್ದ ಸಣ್ಣ ದಿಬ್ಬದಲ್ಲಿ ಕಾರು ಒಂದು ಗೇಣು ಜಾರಿತು. ಇನ್‌ಸ್ಪೆಕ್ಟರ್ ಅಷ್ಟಕ್ಕೆ ಬಿಟ್ಟರು. ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಗೆ. ಪೇಟೆ ಕಡೆಯಿಂದ ಹೋಗಿ ಚೌಡಮ್ಮನ ಗುಡಿ ದಾಟಿ ತಿರುಗಿಸಿಕೊಂಡು ಬರಬೇಕು.

ಆ ಗುಡಿಯ ಮುಂದೆ ಹೋಗುವ ಯಾವ ಗಾಡಿಯೂ ಸುಮ್ಮನೆ ಹೋಗುವುದಿಲ್ಲ. ಚಾಲಕ ವೇಗ ಇಳಿಸಿ ಸಣ್ಣಗೆ ಒಂದು ಹಾರ್ನ್ ಹಾಕುತ್ತಾನೆ. ಒಳಗೆ ಕೂತವರು ಎರಡೂ ಕೈ ಎತ್ತಿ ಮುಗಿಯುತ್ತಾರೆ. ಮದುವೆಯಾಗಿ ಬಂದ ವರ್ಷದಿಂದ ನಾನು ಮಾಡಿಕೊಂಡು ಬಂದದ್ದು ಈ ಎರಡನೆಯದನ್ನು. ಆ ದಿನವೂ ಅದನ್ನೇ ಮಾಡಿದೆ. ಗುಡಿ ಬಂತು. ನನ್ನ ಎರಡೂ ಕೈ ಸ್ಟೀರಿಂಗ್ ಬಿಟ್ಟು ಎದೆಯ ಮುಂದೆ ಸೇರಿದವು. ಕಣ್ಣು ಕೂಡ ಮುಚ್ಚಿದ್ದೆ ಎಂದು ಆಮೇಲೆ ತಿಳಿಯಿತು. ಕಾರು ಎಡಕ್ಕೆ ವಾಲಿ ಡಾಂಬರು ಬಿಟ್ಟು ಇಳಿಯಿತು. ಬ್ರೇಕ್ ಬಿತ್ತು. ಒತ್ತಿದ್ದು ನಾನಲ್ಲ, ಇನ್‌ಸ್ಪೆಕ್ಟರ್.

“ಮೇಡಂ, ಈಗ ಸ್ಟೀರಿಂಗ್ ಯಾರು ಹಿಡ್ಕೊಂಡಿದ್ರು?” ಎಂದು ಕೇಳಿದರು.

ನಾನು ಕೈಗಳನ್ನು ಮತ್ತೆ ಸ್ಟೀರಿಂಗ್ ಮೇಲೆ ಇಟ್ಟೆ.

“ಅಮ್ಮ ಹಿಡ್ಕೊಂಡಿದ್ಲು ಅಂತ ನಾನು ಬರೆಯೋಕಾಗಲ್ಲ ನೋಡಿ. ಪಾಸಾಗಿಲ್ಲ. ಇನ್ನೊಂದ್ಸಲ ಬನ್ನಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರ ಬಲಗೈಯೂ ಎದೆಯ ಬಳಿ ಇತ್ತು ಎಂಬುದನ್ನು ದಾಖಲಿಸಬೇಕು. ಆದರೆ ಅವರು ಕಾರು ಓಡಿಸುತ್ತಿರಲಿಲ್ಲ.

ಸುದ್ದಿ ನನಗಿಂತ ಮೊದಲು ಕಚೇರಿ ತಲುಪಿತ್ತು. ನಮ್ಮ ಛಾಯಾಗ್ರಾಹಕರು, “ಅಕ್ಕಾ, ಹೆಡ್ಡಿಂಗ್ ಎಂತ ಮಾಡನ? ‘ಭಕ್ತಿಯ ನಿಯಂತ್ರಣ ತಪ್ಪಿ’ ಸಾಕಾ?” ಎಂದರು. ಬಸಣ್ಣ ನಗಲಿಲ್ಲ. ಮರುದಿನ ಕ್ಲಾಸಿನಲ್ಲಿ ಹೇಳಿದರು:

“ನೋಡ್ರಿ ಅಕ್ಕಾರ, ಪ್ಯಾಸೆಂಜರ್ ಭಕ್ತಿ ಬ್ಯಾರೆ, ಡ್ರೈವರ್ ಭಕ್ತಿ ಬ್ಯಾರೆ ಐತಿ. ಹಿಂದ ಕುಂತಾವ್ರು ಎಲ್ಲಾ ಕೈ ಮುಗೀತಾರ. ಅವ್ರ ಪರವಾಗಿ ಕೈ ಬಿಡದಂಗ ಹಿಡಿಯಾಂವ ಒಬ್ಬ ಬೇಕಲ್ರಿ?”

ಮಾತು ಅರ್ಥವಾಯಿತು. ಕಾಲಿಗೆ ಅರ್ಥವಾಗಲಿಲ್ಲ. ಆ ದಿನವೂ ಏರಿನಲ್ಲಿ ಕಾರು ಜಾರಿತು. ಮೊದಲಿಗಿಂತ ಹೆಚ್ಚೇ ಜಾರಿತು.

ಮೇ ಮೊದಲ ವಾರದಲ್ಲಿ ಸುರೇಶ ಬಂದು ಜಗಲಿಯ ತುದಿಯಲ್ಲಿ ಕೂತ. ಹೇಳಲು ಬಂದದ್ದನ್ನು ಹೇಳಲು ಅವನಿಗೆ ಎರಡು ಲೋಟ ಮಜ್ಜಿಗೆ ಬೇಕಾಯಿತು. ಯಲ್ಲಾಪುರದಲ್ಲಿ ಶಾಲಾ ವಾಹನದ ಕೆಲಸ ಸಿಕ್ಕಿದೆ, ಬೇಗ ಸೇರಬೇಕಂತೆ, ಮುಂದಿನ ವಾರವೇ ಹೊರಡಬೇಕು.

“ಹೋಗೋ ಮಾರಾಯ. ನೀ ಇಷ್ಟು ದಿನ ಮಾಡಿದ್ದೇ ದೊಡ್ಡದು,” ಎಂದರು ಇವರು.

ಅವನು ಹೋದ ಮೇಲೆ ಒಂದು ಸಲ ಬಸ್ಸಿನಲ್ಲಿ ಹೋಗಿ ನೋಡಿದೆವು. ಆಸ್ಪತ್ರೆಯವರು ಸರದಿಯನ್ನು ಅಂದಿನ ಮಟ್ಟಿಗೆ ಮುಂದೆ ಹಾಕಿಕೊಟ್ಟರು. ಹೋಗುವಾಗ ತೊಂದರೆಯಾಗಲಿಲ್ಲ. ಡಯಾಲಿಸಿಸ್ ಮುಗಿದಾಗ ರಕ್ತದೊತ್ತಡ ಇಳಿದಿತ್ತು. ಸ್ವಲ್ಪ ಹೊತ್ತು ಮಲಗಿಸಿ ಕಳಿಸಿದರು. ಬಸ್ ತುಂಬಿತ್ತು. ಕಂಡಕ್ಟರ್ ಒಬ್ಬರನ್ನು ಎಬ್ಬಿಸಿ, “ಹಿರ್ಯಾರ, ಕೂಡ್ರಿ ಇಲ್ಲಿ,” ಎಂದು ಜಾಗ ಮಾಡಿಕೊಟ್ಟರು. ನಮ್ಮ ಕ್ರಾಸ್‌ನಲ್ಲಿ ಇಳಿದು ನಡೆದೆವು. ಅರ್ಧ ದಾರಿಯಲ್ಲಿ ಇವರು ಮೋರಿಯ ಕಟ್ಟೆಯ ಮೇಲೆ ಕೂತರು. ಏಳಲು ಆಗಲಿಲ್ಲ. ಸೂಜಿ ಚುಚ್ಚಿದ ಕೈಯ ಪಟ್ಟಿಯ ಅಡಿಯಿಂದ ರಕ್ತ ಜಿನುಗಿತ್ತು. ನಾನು ಒತ್ತಿ ಹಿಡಿದು ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಹೇಳಿದರು: “ವಾರಕ್ಕೆ ಮೂರು ಸಲ ಎಂತಕ್ಕೆ? ಎರಡು ಸಲ ಸಾಕು. ಒಂದೇ ಆದ್ರೂ ಅಡ್ಡಿಲ್ಲೆ.”

ಅವರು ಅದನ್ನು ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದರು. ಒಂದು ಸಲಕ್ಕೆ ಇಳಿಸಿದರೆ ಏನಾಗುತ್ತದೆ ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಅವರಿಗೂ ಗೊತ್ತು, ನನಗೂ ಗೊತ್ತು. “ಹಂಗೆ ಹೇಳಡಿ,” ಎಂದು ತಡೆದೆ. ಹಾಲಿನ ಟೆಂಪೊ ಬಂತು. ಅದರಲ್ಲಿ ಮನೆ ಸೇರಿದೆವು.

ಮರುದಿನ ಕೆಲಸಕ್ಕೆ ಹೋಗುವಾಗ ಚೌಡಮ್ಮನ ಗುಡಿಯ ಮುಂದೆ ಬಸ್ ಇಳಿದೆ. ಮಧ್ಯಾಹ್ನದ ಬಿಸಿಲು. ಯಾರೂ ಇರಲಿಲ್ಲ. ನನಗೆ ಅಮ್ಮನ ಮೇಲೆ ಸಿಟ್ಟಿತ್ತು. ನಿನಗೆ ಕೈ ಮುಗಿಯಲು ಹೋಗಿಯೇ ನಾಪಾಸಾದೆ ಎಂಬ ಸಿಟ್ಟು. ಹರಕೆ ಹೇಳಿಕೊಳ್ಳುವ ಮನಸ್ಸೂ ಬರಲಿಲ್ಲ. ಅಭ್ಯಾಸಬಲದಿಂದ ಸುದ್ದಿಯ ಮೊದಲ ಪ್ಯಾರಾ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಯಾರಿಗೆ ಕಾಯಿಲೆ, ಏನಾಗಬೇಕು, ಎಷ್ಟರೊಳಗೆ ಆಗಬೇಕು, ಆಗದಿದ್ದರೆ ಏನಾಗುತ್ತದೆ. ಕೊನೆಗೆ ಕೇಳಿದ್ದು ಇಷ್ಟು: “ಲೈಸೆನ್ಸ್ ಆಮೇಲಾಯ್ತು. ಎನ್ನ ಎಡಗಾಲು ನಿಲ್ಸಿ ಕೊಡು.” ಹೂವಿಲ್ಲ, ಕಾಯಿಲ್ಲ. ಬರಿಗೈಯಲ್ಲಿ ಕೇಳಿ ಮುಂದಿನ ಬಸ್ ಹತ್ತಿದೆ.

ಬಸಣ್ಣನವರಿಗೆ ಫೋನ್ ಮಾಡಿ ಪರಿಸ್ಥಿತಿ ಹೇಳಿದೆ. ಅವರು ಒಂದು ದಾರಿ ಸೂಚಿಸಿದರು. ಎರಡನೇ ಪರೀಕ್ಷೆಯವರೆಗೆ ಡಯಾಲಿಸಿಸ್ ದಿನಗಳಂದೇ ನನ್ನ ಕ್ಲಾಸು. ಎಲ್ ಬೋರ್ಡಿನ ಅವರ ಕಾರಿನಲ್ಲಿ, ಅವರು ಪಕ್ಕದಲ್ಲಿ, ಇವರು ಹಿಂದಿನ ಸೀಟಿನಲ್ಲಿ. ಸಪಾಟು ರಸ್ತೆಯಲ್ಲಿ ನಾನು ಓಡಿಸುವುದು, ಚೌಡಮ್ಮನ ಏರು ಬಂದಾಗ ಸೀಟು ಬದಲಿಸಿಕೊಳ್ಳುವುದು. “ಯಜಮಾನ್ರನ್ನ ಕೂಡಿಸ್ಕೊಂಡು ಹಿಂದಕ್ಕ ಜಾರೂದು ಬ್ಯಾಡ್ರಿ,” ಎಂದರು.

ಹಾಗೆ ಎರಡು ಸಲ ಹೋಗಿ ಬಂದೆವು. ಮೂರನೇ ಸಲ ವಾಪಸು ಬರುವಾಗ ನಾನೇ ಓಡಿಸುತ್ತಿದ್ದೆ. ಗುಡಿ ದಾಟಿ, ಏರು ಇಳಿದು, ಮನೆಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿದ್ದೆವು. ಬಸಣ್ಣ ಮಾತಾಡುತ್ತಿದ್ದವರು ನಿಲ್ಲಿಸಿದರು. ಬಲ ಸೊಂಟ ಹಿಡಿದುಕೊಂಡರು.

“ಅಕ್ಕಾರ, ಸೈಡಿಗೆ ತಗೋರಿ. ಕಿಡ್ನಿ ಹರಳು ಇರಬೇಕು. ಹೋದ ವರ್ಷಾನೂ ಹಿಂಗ ಆಗಿತ್ತು.”

ನಿಲ್ಲಿಸಿದೆ. ಅವರ ಮುಖದ ಬಣ್ಣ ಬದಲಾಗಿತ್ತು, ಬೆವರು ಇಳಿಯುತ್ತಿತ್ತು. ಬಾಗಿಲು ತೆರೆದು ವಾಂತಿ ಮಾಡಿದರು. ಮತ್ತೆ ಸೀಟಿನಲ್ಲಿ ಕೂತು ಎರಡೂ ಮೊಣಕಾಲನ್ನು ಎದೆಗೆ ಎಳೆದುಕೊಂಡು ಬಾಗಿಲ ಕಡೆಗೆ ಮುರುಟಿದರು. ಮಾತು ಹೊರಡುತ್ತಿರಲಿಲ್ಲ. ರಸ್ತೆಯಲ್ಲಿ ಸಹಾಯಕ್ಕೆ ಯಾರೂ ಕಾಣಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಆಸ್ಪತ್ರೆ ಹಿಂದಕ್ಕೆ, ಏರಿನ ಆಚೆ.

ಹಿಂದಿನ ಸೀಟಿನಿಂದ ಇವರು ಹೇಳಿದರು: “ಗಾಡಿ ತಿರುಗ್ಸು.”

“ಎಂಗೆ ಏರು ಹತ್ತಲೆ ಆಗ್ತಿಲ್ಲೆ, ಗೊತ್ತಿದ್ದಲ್ದಾ?”

“ಮೊದ್ಲು ತಿರುಗ್ಸು. ಏರು ಬಂದಾಗ ನೋಡನ. ಹಿಂದೆ ಶಬ್ದ ಇಲ್ಲೆ, ಎಂತ ಗಾಡಿನೂ ಬತ್ತಾ ಇಲ್ಲೆ. ಮುಂದೆ ನೀ ನೋಡು.”

ಎರಡೂ ಕಡೆ ನೋಡಿ, ಮುಂದೆ ಹಿಂದೆ ಮಾಡಿ ತಿರುಗಿಸಿದೆ. ಏರಿನ ಬುಡಕ್ಕೆ ಬಂದಾಗ ಮುಂದೆ ಗಾಡಿಗಳ ಸಾಲು ಕಂಡಿತು. ನಾವು ಇಳಿದು ಬಂದ ಮೇಲೆ ಚಿರೆಕಲ್ಲು ತುಂಬಿದ ಲಾರಿ ಏರಿನ ಮಧ್ಯದಲ್ಲಿ ಕೆಟ್ಟು ನಿಂತಿತ್ತು. ಉಳಿದ ಒಂದೇ ಬದಿಯಲ್ಲಿ, ಲಾರಿಯವರು ಒಂದು ಕಡೆಯವರನ್ನು ನಿಲ್ಲಿಸಿ ಇನ್ನೊಂದು ಕಡೆಯವರನ್ನು ಬಿಡುತ್ತಿದ್ದರು. ನಾನು ಸಾಲಿನ ಕೊನೆಗೆ ನಿಂತೆ. ಕನ್ನಡಿಯಲ್ಲಿ ನೋಡಿದರೆ ನನ್ನ ಹಿಂದೆ ಬೈಕೊಂದು ಬಂದು ನಿಂತಿತ್ತು. ಗಂಡ, ಹೆಂಡತಿ, ನಡುವೆ ಮಗು. ಬೈಕಿಗೂ ನನ್ನ ಕಾರಿಗೂ ಹೆಚ್ಚು ಅಂತರವಿರಲಿಲ್ಲ.

ಇಳಿದು ಯಾರನ್ನಾದರೂ ಕರೆಯುವ ಮೊದಲೇ ಮುಂದಿನ ಬಸ್ ಹೊರಟಿತು. ಬಸಣ್ಣ ನರಳುತ್ತಿದ್ದರು. ನಾನು ಮೊದಲ ಗೇರ್ ಹಾಕಿ ಕ್ಲಚ್ ಬಿಡುತ್ತ ಬಂದೆ. ಇಂಜಿನ್ನಿನ ದನಿ ದಪ್ಪವಾಯಿತು. ಬ್ರೇಕ್ ಬಿಟ್ಟೆ. ಕಾರು ಮುಂದೆ ಹೋಯಿತು. ಐದಾರು ಮಾರು ಹೋಗಿ ಮತ್ತೆ ನಿಲ್ಲಬೇಕಾಯಿತು. ನಿಂತೆ, ಹೊರಟೆ. ಲಾರಿಯ ಪಕ್ಕದಲ್ಲಿ ಇನ್ನೊಂದು ಸಲ ನಿಲ್ಲಿಸಿದರು. ಮತ್ತೆ ಹೊರಟೆ. ನೆತ್ತಿ ದಾಟಿ, ಪೇಟೆ ಹಾದು, ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದಾಗ ಆಸ್ಪತ್ರೆಯವರು ಬಸಣ್ಣನವರನ್ನು ತಳ್ಳುಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಬೆಳಿಗ್ಗೆ ನಮ್ಮನ್ನು ನೋಡಿದ್ದ ನರ್ಸ್, “ಮತ್ತೆ ಬಂದ್ರಾ?” ಎಂದಳು. “ಈ ಸಲ ಬೇರೆ ಪೇಶಂಟ್,” ಎಂದರು ಇವರು.

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ನನಗೆ ಎರಡು ಸಂಗತಿ ಹೊಳೆದವು. ಒಂದು, ನನ್ನ ಎಡಗಾಲು ನಡುಗಿರಲಿಲ್ಲ. ಇನ್ನೊಂದು, ಗುಡಿಯ ಮುಂದೆ ಹಾದು ಬಂದಾಗ ನಾನು ಅಮ್ಮನ ಕಡೆ ನೋಡಿರಲೂ ಇಲ್ಲ. ಕೈ ಮುಗಿಯಲಿಲ್ಲ, ಹಾರ್ನ್ ಹಾಕಲಿಲ್ಲ. ಗುಡಿ ಬಂದದ್ದೇ ಗೊತ್ತಿಲ್ಲ. ಮದುವೆಯಾದ ಮೇಲೆ ಹಾಗೆ ಆದದ್ದು ಅದೇ ಮೊದಲು.

ಖಚಿತಪಡಿಸಿಕೊಳ್ಳದೆ ಬರೆಯುವ ರೂಢಿ ನನಗಿಲ್ಲ. ಮೊದಲು ಇವರನ್ನು ಕೇಳಿದೆ.

“ಕಾರು ಜಾರಿತ್ತಾ?”

“ಇಲ್ಲೆ. ಮೂರು ಸಲ ನಿಲ್ಸಿ ಮೂರು ಸಲ ಎತ್ತಿದೆ. ಒಂದು ಸಲವೂ ಇಂಜಿನ್ ಕೂಗಿದ್ದಿಲ್ಲೆ. ಆನು ಓಡ್ಸಿದ್ರೂ ಇಷ್ಟೇಯ.”

ತಾನು ಓಡಿಸಿದರೂ ಇಷ್ಟೇ ಎಂಬ ಆ ಕೊನೆಯ ಮಾತನ್ನು ಅವರು ಯಾರಿಗೂ ಹೇಳಿದ್ದು ನಾನು ಕೇಳಿರಲಿಲ್ಲ. ಮರುದಿನ ಬಸಣ್ಣನವರನ್ನು ನೋಡಲು ಹೋದೆ. ನೋವು ಇಳಿದು ಎದ್ದು ಕೂತಿದ್ದರು. ಏರಿನಲ್ಲಿ ನೀವೇನಾದರೂ ನಿಮ್ಮ ಕಡೆಯ ಪೆಡಲ್ ಒತ್ತಿದ್ದಿರಾ ಎಂದು ಕೇಳಿದೆ.

“ನನ್ನ ಕಾಲು ಎದಿಮ್ಯಾಲ ಇದ್ವು ಅಕ್ಕಾರ. ನಾ ಎಲ್ಲಿ ಒತ್ತಲಿ? ಏರು ಬಂದದ್ದೂ ನಂಗ ಗೊತ್ತಿಲ್ಲ. ದವಾಖಾನಿ ಬಂದಾಗ ಕಣ್ಣ ತೆರದೆ.”

ಅಭ್ಯಾಸ ಕೈಗೂಡಿತು ಎನ್ನಬಹುದು. ಅನಿವಾರ್ಯತೆ ಭಯವನ್ನು ಓಡಿಸಿತು ಎನ್ನಬಹುದು. ನಾನು ಆ ಮಾತುಗಳನ್ನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟು ತಿಂಗಳ ಅಭ್ಯಾಸದಲ್ಲಿ ಒಂದು ಸಲವೂ ಆಗದ್ದು, ಬರಿಗೈಯಲ್ಲಿ ಸಿಟ್ಟಿನಿಂದ ಕೇಳಿದ ಮೇಲೆ, ಕೇಳಿದ ಜಾಗದ ಎದುರಿನಲ್ಲೇ ಆಯಿತು. ನಾನು ಕೇಳಿದ್ದೂ ಲೈಸೆನ್ಸನ್ನಲ್ಲ, ಕಾಲನ್ನು. ಸಿಕ್ಕಿದ್ದೂ ಅದೇ. ನಾನು ನೋಡದೆ ಹೋದ ದಿನ ಅಮ್ಮ ನನ್ನನ್ನು ನೋಡಿದಳು. ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ.

ಮೇ ಕೊನೆಯಲ್ಲಿ ಎರಡನೇ ಪರೀಕ್ಷೆ. ಅದೇ ಇನ್‌ಸ್ಪೆಕ್ಟರ್. ದಿಬ್ಬದಲ್ಲಿ ನಿಲ್ಲಿಸಿ ಹೊರಡಿಸಿದರು, ಕಾರು ಜಾರಲಿಲ್ಲ. ರಸ್ತೆಯಲ್ಲಿ ಗುಡಿ ಹತ್ತಿರವಾದಾಗ ಅವರು ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡದ್ದು ನನಗೆ ಕಂಡಿತು. ನಾನು ವೇಗ ಇಳಿಸಿ ಒಂದು ಹಾರ್ನ್ ಹಾಕಿದೆ. ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇದ್ದವು. ಮುಂದೆ ಹೋದ ಮೇಲೆ ಅವರು, “ಈಗ ಡ್ರೈವರ್ ಆದ್ರಿ,” ಎಂದು ಕಾಲು ತೆಗೆದರು.

ಅಂದಿನಿಂದ ವಾರಕ್ಕೆ ಮೂರು ಸಲ ನಮ್ಮ ಕಾರಿನಲ್ಲೇ ಹೋಗಿ ಬರುತ್ತಿದ್ದೇವೆ. ಎರಡು ಸಲದ ಮಾತನ್ನು ಇವರು ಮತ್ತೆ ಎತ್ತಿಲ್ಲ. ಕಾಯಿಲೆ ವಾಸಿಯಾಗುವಂಥದ್ದಲ್ಲ. ಅದನ್ನು ನಾನು ಅಮ್ಮನಲ್ಲಿ ಕೇಳಿಯೂ ಇಲ್ಲ. ಸರದಿ ತಪ್ಪಿಲ್ಲ, ಅದು ಅವಳ ಕೃಪೆ. ನಿಮ್ಮಲ್ಲಿ ಯಾರಿಗಾದರೂ ಕೇಳಿಕೊಳ್ಳಲು ಸಂಕೋಚವಿದ್ದರೆ, ಸಿಟ್ಟಿದ್ದರೂ ಅಡ್ಡಿಯಿಲ್ಲ, ಬರಿಗೈಯಾದರೂ ಅಡ್ಡಿಯಿಲ್ಲ, ಬೇಕಾದದ್ದನ್ನು ಸ್ಪಷ್ಟವಾಗಿ ಹೇಳಿ ಎಂದಷ್ಟೇ ನನ್ನ ಅನುಭವದಿಂದ ಹೇಳಬಲ್ಲೆ.

ಕಳೆದ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಇವರು ಕೇಳಿದರು: “ಇವತ್ತು ಆಸ್ಪತ್ರೆ ಇಲ್ಲೆ ಅಲ್ದಾ?”

“ಇಲ್ಲೆ.”

“ಹಂಗಾರೆ ಎಲ್ಲಾದ್ರೂ ಹೋಪನ. ಗುಡ್ನಾಪುರದ ಕೆರೆ ನೋಡದೆ ರಾಶಿ ದಿನ ಆತು.”

ನೋಡುವುದು ಎಂಬ ಪದವನ್ನು ಅವರು ಬಹಳ ಕಾಲದ ಮೇಲೆ ಬಳಸಿದ್ದರು. ನಾನು ಕಾರು ತೆಗೆದೆ. ಬನವಾಸಿ ರಸ್ತೆಯಲ್ಲಿ ಹೋಗಿ ಕೆರೆಯ ಏರಿಯ ಬಳಿ ನಿಲ್ಲಿಸಿ, ಅವರ ಕಡೆಯ ಗಾಜು ಇಳಿಸಿದೆ. ಬಿಸಿಲು ನೀರಿನ ಮೇಲೆ ಬಿದ್ದಿತ್ತು. ಅವರು ಮುಖವನ್ನು ಆ ಕಡೆ ತಿರುಗಿಸಿದರು.

“ಬೆಳ್ಳಗೆ ಕಾಣ್ತು,” ಎಂದರು. “ಅದು ನೀರೇ ಅಲ್ದಾ?”

“ನೀರೇಯ,” ಎಂದೆ. “ತುಂಬ ಇದ್ದು.”